ಪದಚರ್ಚೆ: ‘ಕಾಂಪ್ಲಿಮೆಂಟರಿ ಥೆರಪಿ’ ಎಂದರೆ ಪರ್ಯಾಯವೋ, ಪೂರಕವೋ?

ಪ್ರಶ್ನೆ:

ನಮಸ್ಕಾರ. ಬೆಂಗಳೂರಿನ ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಔಷಧದ ಜೊತೆಗೆ ಸಿಸ್ಟರ್‌ಗಳು ಮಾಡಬಹುದಾದ ಮಸಾಜ್, ಉಸಿರಾಟದ ಅಭ್ಯಾಸ, ಆಕ್ಯುಪ್ರೆಶರ್ (ಮೈಮೇಲಿನ ಗೊತ್ತಾದ ಜಾಗಗಳನ್ನು ಬೆರಳಿನಿಂದ ಒತ್ತುವುದು), ಪರಿಮಳದ ಎಣ್ಣೆ ಇವೆಲ್ಲ ಅದರ ವಿಷಯ. ರೋಗಿಯ ಕಡೆಯವರಿಗೆ ಕೊಡುವ ಒಂದು ಪುಟದ ಚೀಟಿಯೂ ಇದೆ. ಕರಡಿನಲ್ಲಿ ‘ಪರ್ಯಾಯ ಚಿಕಿತ್ಸೆ’, ‘ಪೂರಕ ಚಿಕಿತ್ಸೆ’, ‘ಸ್ಪರ್ಶ ಚಿಕಿತ್ಸೆ’, ‘ಅಗತ್ಯ ತೈಲ’ ಎಂದೆಲ್ಲ ಬಂದಿದೆ. ಯಾವುದನ್ನು ಉಳಿಸಬೇಕು? ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಲದೆ?

ಉತ್ತರ 1:

ಸಾಲದು. ‘ಕಾಂಪ್ಲಿಮೆಂಟರಿ’ ಎಂದು ಕನ್ನಡದಲ್ಲಿ ಬರೆದ ಕೂಡಲೇ ಇಂಗ್ಲಿಷಿನ ಎರಡು ಬೇರೆ ಪದಗಳು ಒಂದಾಗಿಬಿಡುತ್ತವೆ. ಒಂದು ಪೂರಕ, ಇನ್ನೊಂದು ಹೋಟೆಲಿನಲ್ಲಿ ರೂಮಿನ ಜೊತೆ ಬಿಟ್ಟಿ ಕೊಡುವ ತಿಂಡಿ. ಚೀಟಿ ಓದಿದವರು ‘ಇದು ಫ್ರೀ’ ಎಂದುಕೊಂಡರೆ ತಪ್ಪು ಅವರದಲ್ಲ.

‘ಪರ್ಯಾಯ’ವನ್ನು ದಯವಿಟ್ಟು ಇಡೀ ಕೈಪಿಡಿಯಿಂದ ತೆಗೆಯಿರಿ. ಉಡುಪಿಯ ಪರ್ಯಾಯ ಎಲ್ಲರಿಗೂ ಗೊತ್ತು: ಎರಡು ವರ್ಷಕ್ಕೊಮ್ಮೆ ಒಂದು ಮಠ ಪೂಜೆಯ ಹೊಣೆ ಬಿಟ್ಟುಕೊಡುತ್ತದೆ, ಇನ್ನೊಂದು ವಹಿಸಿಕೊಳ್ಳುತ್ತದೆ. ಒಂದು ಹೋಗಿ ಇನ್ನೊಂದು ಬರುವುದೇ ಆ ಪದದ ಜೀವ. ಕ್ಯಾನ್ಸರ್ ವಾರ್ಡಿನಲ್ಲಿ ‘ಪರ್ಯಾಯ ಚಿಕಿತ್ಸೆ’ ಎಂದು ಓದಿದವರಿಗೆ ‘ಹಾಗಾದರೆ ಕೀಮೋ ಬಿಡಬಹುದು’ ಎಂದು ತೋರುವುದು ಸಹಜ. ಇಂಗ್ಲಿಷಿನಲ್ಲೂ ಈ ತೊಡಕು ಇತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೇಂದ್ರವೊಂದರ ಹೆಸರಿನಲ್ಲಿ 1998ರಿಂದ ಪೂರಕ, ಪರ್ಯಾಯ ಎರಡೂ ಇದ್ದವು. 2014ರಲ್ಲಿ ಪರ್ಯಾಯವನ್ನು ಕೈಬಿಟ್ಟು ಸಮನ್ವಯ ಎಂಬರ್ಥದ ಪದ ಸೇರಿಸಿದರು.

‘ಪೂರಕ’ ಸರಿಯಾದ ಪದ. ಅದಕ್ಕೆ ಗಟ್ಟಿ ಆಧಾರ ಅಂಗನವಾಡಿಯಲ್ಲೇ ಇದೆ. ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಕೊಡುವ ರಾಗಿ ಸರಿಯನ್ನು ‘ಪೂರಕ ಆಹಾರ’ ಅನ್ನುತ್ತೇವೆ. ಎದೆಹಾಲು ಬಿಡಿಸಿ ಅಲ್ಲ, ಎದೆಹಾಲಿನ ಜೊತೆಗೆ. ನಮಗೆ ಬೇಕಾದ ಅರ್ಥ ಇದೇ, ಚೀಟಿಯಲ್ಲಿ ಇದೇ ಹೋಲಿಕೆ ಕೊಡಿ. ಒಂದು ಎಚ್ಚರ: ಪ್ರಾಣಾಯಾಮದಲ್ಲಿ ಪೂರಕ ಎಂದರೆ ಉಸಿರೆಳೆದುಕೊಳ್ಳುವುದು. ಉಸಿರಾಟದ ಪಾಠದಲ್ಲಿ ಪೂರಕ, ರೇಚಕ ಬೇಡ. ‘ಉಸಿರು ಎಳೆದುಕೊಳ್ಳಿ, ಬಿಡಿ’ ಎಂದೇ ಬರೆಯಿರಿ. ಆಯುರ್ವೇದ, ಯುನಾನಿಗಳನ್ನೂ ಈ ಪಟ್ಟಿಗೆ ಸೇರಿಸಬೇಡಿ. ನಮ್ಮ ದೇಶದಲ್ಲಿ ಅವು ನೋಂದಾಯಿತ ವೈದ್ಯರಿರುವ ಪೂರ್ಣ ಪದ್ಧತಿಗಳು.

ಇನ್ನು ‘ಚಿಕಿತ್ಸೆ’. ಶುಶ್ರೂಷೆ, ಚಿಕಿತ್ಸೆ ಎರಡೂ ಸಂಸ್ಕೃತದಲ್ಲಿ ಜಿಜ್ಞಾಸೆ, ಪಿಪಾಸೆಗಳ ಹಾಗೆ ‘ಬಯಕೆ’ಯ ರೂಪಗಳು. ಶುಶ್ರೂಷೆ ಎಂದರೆ ಮೂಲದಲ್ಲಿ ಕೇಳಿಸಿಕೊಳ್ಳುವ ಬಯಕೆ. ಎಷ್ಟು ಚೆಂದದ ಅರ್ಥ! ಆದರೆ ಇಂದಿನ ಕನ್ನಡದಲ್ಲಿ ಚಿಕಿತ್ಸೆ ಎಂದರೆ ಕಾಯಿಲೆ ವಾಸಿ ಮಾಡುವುದು. ಬೆನ್ನು ಸವರಿದರೆ ಗಡ್ಡೆ ಕರಗುವುದಿಲ್ಲ. ನೋವು, ಆತಂಕ ಸ್ವಲ್ಪ ಇಳಿಯಬಹುದು. ಹಾಗಾಗಿ ‘ಪೂರಕ ಆರೈಕೆ’ ಎನ್ನುವುದು ನನ್ನ ಆಯ್ಕೆ. ಬಾಣಂತಿ ಆರೈಕೆ ಎಂಬ ಮಾತು ಮನೆಮನೆಯಲ್ಲಿದೆ, ಯಾರಿಗೂ ವಿವರಿಸಬೇಕಿಲ್ಲ.

‘ಮಸಾಜ್ ಮಾಡಿ’ ಎಂದಷ್ಟೇ ಬರೆದರೆ ಕೈಗೆ ಏನೂ ತಿಳಿಯದು. ಕನ್ನಡದಲ್ಲಿ ಒಂದೊಂದು ಒತ್ತಡಕ್ಕೂ ಒಂದೊಂದು ಕ್ರಿಯಾಪದವಿದೆ. ಪೂರ್ತಿ ಅಂಗೈ ಊರಿ, ಹೃದಯದ ದಿಕ್ಕಿಗೆ ನಿಧಾನವಾಗಿ ಎಳೆಯುವುದು ಸವರುವುದು ಅಥವಾ ನೀವುವುದು (ಚೀಟಿಯಲ್ಲಿ ‘ನೀವು’ ಎಂದರೆ ಓದುಗರು ಸರ್ವನಾಮ ಎಂದುಕೊಂಡಾರು, ‘ಸವರಿ’ ವಾಸಿ). ಚಪಾತಿ ಹಿಟ್ಟಿನಂತೆ ಮಾಂಸಖಂಡವನ್ನು ಹಿಡಿದೆತ್ತಿ ಬಿಡುವುದು ನಾದುವುದು. ಬೆರಳ ತುದಿಯಿಂದ ಒಂದೇ ಜಾಗದಲ್ಲಿ ಬಲವಾಗಿ ಆಡಿಸುವುದು ಉಜ್ಜುವುದು. ಈ ವ್ಯತ್ಯಾಸ ಬರೀ ಭಾಷೆಯದಲ್ಲ. ಹಾಸಿಗೆ ಹಿಡಿದವರ ಟೊಂಕ, ಹಿಮ್ಮಡಿಯ ಮೂಳೆಯ ಮೇಲೆ ಚರ್ಮ ಕೆಂಪಾಗಿದ್ದರೆ ಅಲ್ಲಿ ಉಜ್ಜಲೇಬಾರದು. ಒಳಗಿನ ಅಂಗಾಂಶ ಮೊದಲೇ ನಲುಗಿರುತ್ತದೆ, ಉಜ್ಜಿದರೆ ಹುಣ್ಣು ಬೇಗ ಬಾಯಿ ಬಿಡುತ್ತದೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಸವರುವುದೂ ಬೇಡ, ಡಾಕ್ಟರಿಗೆ ತಿಳಿಸಬೇಕು. ರಕ್ತದ ಹೆಪ್ಪು ಇದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಉತ್ತರ 2:

‘ಪೂರಕ ಆರೈಕೆ’ಗೆ ನನ್ನದೂ ಒಪ್ಪಿಗೆ. ಉಳಿದ ಎರಡು ಪದಗಳ ಬಗ್ಗೆ ಹೇಳುತ್ತೇನೆ.

‘ಸ್ಪರ್ಶ ಚಿಕಿತ್ಸೆ’ ಎಂದು ಕರಡಿನಲ್ಲಿರುವುದು ‘ಥೆರಪ್ಯೂಟಿಕ್ ಟಚ್’ ಇರಬೇಕು. 1972ರ ಸುಮಾರಿಗೆ ನರ್ಸಿಂಗ್ ಪ್ರಾಧ್ಯಾಪಕಿ ಡೊಲೊರೆಸ್ ಕ್ರೀಗರ್ ಮತ್ತು ಡೋರಾ ಕುಂಜ್ ರೂಪಿಸಿದ ಆ ವಿಧಾನದಲ್ಲಿ ಸಾಮಾನ್ಯವಾಗಿ ಮೈ ಮುಟ್ಟುವುದೇ ಇಲ್ಲ, ಕೈಯನ್ನು ಮೈಯಿಂದ ಕೆಲವು ಅಂಗುಲ ಮೇಲೆ ಆಡಿಸುತ್ತಾರೆ. ಮೈಯ ಸುತ್ತಲಿನ ‘ಶಕ್ತಿ’ ಕೈಗೆ ತಿಳಿಯುತ್ತದೆ ಎಂಬುದು ಅದನ್ನು ಮಾಡುವವರ ನಂಬಿಕೆ. 1998ರಲ್ಲಿ ಪ್ರಕಟವಾದ ಎಮಿಲಿ ರೋಸಾ ಎಂಬ ಬಾಲಕಿಯ ಪ್ರಯೋಗದಲ್ಲಿ, ಕಣ್ಣಿಗೆ ಕಾಣದಂತೆ ಅಡ್ಡ ಇಟ್ಟಾಗ, ಆಕೆಯ ಕೈ ತಮ್ಮ ಯಾವ ಕೈಯ ಹತ್ತಿರ ಇದೆ ಎಂದು ಈ ವಿಧಾನದ 21 ಮಂದಿ ಸಾಧಕರು ಸರಿಯಾಗಿ ಹೇಳಿದ್ದು 280ರಲ್ಲಿ 123 ಬಾರಿ. ನಾಣ್ಯ ಚಿಮ್ಮಿದರೂ ಅದಕ್ಕಿಂತ ಹೆಚ್ಚು ಬರಬೇಕು. ಇದಕ್ಕೆ ಕನ್ನಡ ಪದ ಹುಡುಕುವ ಬದಲು ಕೈಪಿಡಿಯಿಂದಲೇ ಬಿಟ್ಟರೆ ಒಳಿತು.

‘ಅಗತ್ಯ ತೈಲ’ ನೇರ ತಪ್ಪು. ಪರಿಮಳದ ಎಣ್ಣೆಯ ಇಂಗ್ಲಿಷ್ ಹೆಸರು ‘ಎಸೆನ್ಷಿಯಲ್ ಆಯಿಲ್’; ಆ ಪದ ಇಲ್ಲಿ ‘ಎಸೆನ್ಸ್’ನಿಂದ, ಅಂದರೆ ಸಾರದಿಂದ ಬಂದದ್ದು, ಅಗತ್ಯದಿಂದಲ್ಲ. ‘ಸಾರತೈಲ’ ಅನ್ನಿ. ‘ಅಗತ್ಯ’ ಎಂದರೆ ಬೇಕೇ ಬೇಕು ಎಂದು ಹೆಚ್ಚು ಹಚ್ಚುತ್ತಾರೆ. ಮೈಗೆ ಹಚ್ಚಲು 30 ಮಿಲಿ ಕೊಬ್ಬರಿ ಎಣ್ಣೆಗೆ 12 ಹನಿ ಸಾರತೈಲ, ಅಂದರೆ ಸುಮಾರು ಶೇ 2. ಅದಕ್ಕಿಂತ ಹೆಚ್ಚು ಬೇಡ. ನೀಲಗಿರಿ ಎಣ್ಣೆ, ಕರ್ಪೂರ ಮಕ್ಕಳ ಹೊಟ್ಟೆ ಸೇರಿದರೆ ಫಿಟ್ಸ್ ಬರಬಹುದು. ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ.

ಆಕ್ಯುಪ್ರೆಶರ್ ಪುಟದಲ್ಲಿ ವಾಕರಿಕೆಗೆ ‘ಮಣಿಕಟ್ಟಿನಿಂದ ಮೂರು ಬೆರಳು’ ಎಂದಿದ್ದರೆ ಯಾರ ಬೆರಳು ಎಂದು ಹೇಳಿ. ರೋಗಿಯದೇ ಮೂರು ಬೆರಳಿನ ಅಗಲ, ಒಳಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ, ನಡುವಿನ ಎರಡು ನರಗಳ ಮಧ್ಯೆ. ಮಗುವಿನ ಕೈಗೆ ಸಿಸ್ಟರ್ ಬೆರಳಿನ ಅಳತೆ ಹಿಡಿದರೆ ಜಾಗ ತಪ್ಪುತ್ತದೆ. ಅಂದ ಹಾಗೆ ‘ನರ’ ಎಂದು ಜನ ಹೇಳುವುದು ಇಲ್ಲಿ ಸ್ನಾಯುರಜ್ಜುವಿಗೆ. ಚೀಟಿಯಲ್ಲಿ ‘ನರ’ ಇರಲಿ, ವಿದ್ಯಾರ್ಥಿಗಳ ಪಾಠದಲ್ಲಿ ‘ಸ್ನಾಯುರಜ್ಜು’ ಇರಲಿ.