ವ್ಯಾಯಾಮದ ಸಂಶೋಧನೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ (ಗರಡಿಯೊಂದರ ತರಬೇತುದಾರರು, ದಾವಣಗೆರೆ): ನಮ್ಮಲ್ಲಿ ಇಪ್ಪತ್ತು ಹುಡುಗರು ದಿನಾ ಬೆಳಿಗ್ಗೆ ದಂಡ, ಬಸ್ಕಿ ಹೊಡೆಯುತ್ತಾರೆ. ಅದಕ್ಕೂ ಮೊದಲು ಸ್ಟ್ರೆಚಿಂಗ್ ಮಾಡಿದರೆ ಪೆಟ್ಟಾಗುವುದಿಲ್ಲ ಎಂದು ಸಂಶೋಧನೆಯೇ ಹೇಳಿದೆ ಎನ್ನುವವರಿದ್ದಾರೆ. ಏನೂ ಪ್ರಯೋಜನವಿಲ್ಲ ಎಂದು ಸಂಶೋಧನೆಯೇ ಹೇಳಿದೆ ಎನ್ನುವವರೂ ಇದ್ದಾರೆ. ಯಾರ ಮಾತನ್ನು ನಂಬಬೇಕು?

ಉತ್ತರ (ಫಿಸಿಯೋಥೆರಪಿಸ್ಟ್): ಫಲಿತಾಂಶ ಓದುವ ಮೊದಲು ಎಷ್ಟು ಜನರ ಮೇಲೆ ಪ್ರಯೋಗ ನಡೆಯಿತು ಎಂಬುದನ್ನು ನೋಡಿ. ವ್ಯಾಯಾಮ ವಿಜ್ಞಾನದಲ್ಲಿ ಗುಂಪಿಗೆ ಹತ್ತು ಹನ್ನೆರಡು ಜನರಷ್ಟೇ ಇರುವ, ಅದರಲ್ಲೂ ಹೆಚ್ಚಿನವರು ಕಾಲೇಜು ಹುಡುಗರೇ ಆಗಿರುವ ಅಧ್ಯಯನಗಳು ಬಹಳ. ಮಧ್ಯಮ ಪ್ರಮಾಣದ ಪರಿಣಾಮವೊಂದು ನಿಜವಾಗಿಯೂ ಇದ್ದರೂ ಗುಂಪಿಗೆ ಹತ್ತೇ ಜನರಿರುವ ಪ್ರಯೋಗ ಅದನ್ನು ಗುರುತಿಸುವ ಸಾಧ್ಯತೆ ಶೇ. 20ರಷ್ಟೂ ಇಲ್ಲ, ಶೇ. 80ಕ್ಕೆ ಏರಬೇಕಾದರೆ ಗುಂಪಿಗೆ ಸುಮಾರು 64 ಜನ ಬೇಕು. ಚಿಕ್ಕ ಪ್ರಯೋಗದಲ್ಲಿ ಪರಿಣಾಮ ಆಕಸ್ಮಿಕವಾಗಿ ದೊಡ್ಡದಾಗಿ ಕಂಡಾಗಲೇ ಅದು ಸುಲಭವಾಗಿ ಪ್ರಕಟವಾಗುವುದರಿಂದ, ನಮ್ಮ ಕಿವಿಗೆ ಬೀಳುವುದು ಹಿಗ್ಗಿಸಿದ ಅಂಕಿಯೇ.

ಅಳತೆಯೂ ಅಲುಗಾಡುತ್ತದೆ. ಒಮ್ಮೆ ಒಬ್ಬ ಹುಡುಗನ ಬೆರಳಿಗೆ ಸೀಮೆಸುಣ್ಣ ಹಚ್ಚಿ, ಐದೈದು ನಿಮಿಷ ಬಿಟ್ಟು ಮೂರು ಸಲ ಗೋಡೆಯ ಪಕ್ಕದಲ್ಲಿ ಜಿಗಿಸಿದೆ: 46, 49, 47 ಸೆಂಟಿಮೀಟರ್. ನಡುವೆ ಅವನು ಮಾಡಿದ್ದು ನೀರು ಕುಡಿದದ್ದು ಮಾತ್ರ. ಯಾವುದೋ ಪುಡಿ ತಿಂದು ಎರಡು ಸೆಂಟಿಮೀಟರ್ ಹೆಚ್ಚು ಜಿಗಿದರು ಎಂದು ಓದಿದಾಗಲೆಲ್ಲ ನನಗೆ ಆ ಗೋಡೆಯ ಮೇಲಿನ ಮೂರು ಬಿಳಿ ಗುರುತುಗಳು ನೆನಪಾಗುತ್ತವೆ. ಇನ್ನು, ಯಾವ ಪರಿಣಾಮವೂ ಇಲ್ಲದ ವ್ಯಾಯಾಮವನ್ನೇ ಇಪ್ಪತ್ತು ಬೇರೆ ಬೇರೆ ಅಳತೆಗಳಿಂದ ಪರೀಕ್ಷಿಸಿದರೆ, ಒಂದಾದರೂ ಅಳತೆಯಲ್ಲಿ 'ಗಣನೀಯ' (ಅಂದರೆ ಬರೀ ಆಕಸ್ಮಿಕವಾಗಿ ಕಾಣುವ ಸಂಭವ ಶೇ. 5ಕ್ಕಿಂತ ಕಡಿಮೆ ಇರುವ) ವ್ಯತ್ಯಾಸ ಕಾಣುವ ಸಂಭವ ಶೇ. 64ರಷ್ಟಿರುತ್ತದೆ. ಕ್ರೀಡಾ ಸಂಶೋಧಕರು ಚಿಕ್ಕ ಗುಂಪುಗಳಿಗೆಂದೇ ಮ್ಯಾಗ್ನಿಟ್ಯೂಡ್ ಬೇಸ್ಡ್ ಇನ್ಫರೆನ್ಸ್ ಎಂಬ ಲೆಕ್ಕಾಚಾರವನ್ನು ವರ್ಷಗಟ್ಟಲೆ ಬಳಸಿದರು. ಅದು ಇಲ್ಲದ ಪರಿಣಾಮವನ್ನು ಇದೆಯೆಂದು ತೋರಿಸುವ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞೆ ಕ್ರಿಸ್ಟಿನ್ ಸೈನಾನಿ 2018ರಲ್ಲಿ ತೋರಿಸಿಕೊಟ್ಟರು.

ನಿಮ್ಮ ವಿಷಯದಲ್ಲಿ ಅದೃಷ್ಟವಶಾತ್ ದೊಡ್ಡ ಪ್ರಯೋಗವೇ ಇದೆ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ಟ್ರೇಲಿಯಾ ಸೇನೆಗೆ ಹೊಸದಾಗಿ ಸೇರಿದ 1538 ಯುವಕರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಪ್ರತಿ ತರಬೇತಿಗೂ ಮುನ್ನ ಕಾಲಿನ ಸ್ಟ್ರೆಚಿಂಗ್ ಮಾಡಿಸಲಾಯಿತು. 12 ವಾರಗಳಲ್ಲಿ ಮಾಡಿದ 735 ಜನರಲ್ಲಿ 158 ಪೆಟ್ಟು, ಮಾಡದ 803 ಜನರಲ್ಲಿ 175 ಪೆಟ್ಟು. ಅಂದರೆ ಎರಡೂ ಕಡೆ ನೂರಕ್ಕೆ ಸುಮಾರು 22.

ಮರುಪ್ರಶ್ನೆ: ಆದರೆ ನಮ್ಮ ಹುಡುಗನೊಬ್ಬನ ಮೊಣಕಾಲು ನೋವು ಸ್ಟ್ರೆಚಿಂಗ್ ಶುರು ಮಾಡಿದ ಎರಡೇ ವಾರಕ್ಕೆ ಹೋಯಿತು. ಕಣ್ಣಾರೆ ಕಂಡದ್ದನ್ನು ಹೇಗೆ ಬಿಡುವುದು?

ಉತ್ತರ: ನೀವು ಕಂಡದ್ದು ಸುಳ್ಳಲ್ಲ, ಕಾರಣ ಅದೇ ಎನ್ನುವುದಕ್ಕೆ ಮಾತ್ರ ಆಧಾರ ಸಾಲದು. ನೋವು ತೀರ ಹೆಚ್ಚಾದ ದಿನವೇ ನಾವು ಹೊಸ ಉಪಾಯಕ್ಕೆ ಕೈಹಾಕುತ್ತೇವೆ. ಅಂಥ ನೋವು ಬಹಳಷ್ಟು ಸಲ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಉಪಾಯಕ್ಕೆ ಸಿಗುತ್ತದೆ. ಸ್ಟ್ರೆಚಿಂಗ್ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಮೈ ಬಾಗುವುದು ಅದರಿಂದ ಸುಧಾರಿಸುತ್ತದೆ. ಆದರೆ ಅದೇ ಸೇನಾ ಅಧ್ಯಯನದಲ್ಲಿ ಓಟದ ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೇ ಹೆಚ್ಚು ಪೆಟ್ಟಾಗಿತ್ತು. ಆದ್ದರಿಂದ ಹೊಸದಾಗಿ ಗರಡಿಗೆ ಬಂದವರನ್ನು ಮೊದಲ ವಾರವೇ ಹಳಬರ ಜೊತೆ ನೂರು ಬಸ್ಕಿಗೆ ನಿಲ್ಲಿಸಬೇಡಿ. ದಮ್ಮು ಕೂಡುವವರೆಗೆ ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ.