ಟಗ್ಗಿಗೆ ಹಳದಿಯೋ ನೀಲಿಯೋ? (ಗೇರೆಣ್ಣೆ ಜಗಳ ಸಹಿತ)

ಚಂದ್ರಗಿರಿ ದಂಡೆ: ನಮ್ಮ ಊರಿನ ಸಣ್ಣ ಮ್ಯೂಸಿಯಂಗೆ ಒಂದು ಹಳೆ ಟಗ್ ಬಂದಿದೆ. ಸೇನೆಯ ವಿಮಾನವನ್ನು ಹ್ಯಾಂಗರಿನಿಂದ ಹೊರಗೆ ಎಳೆದು ತರುವ ಗಿಡ್ಡ ಬಂಡಿ ಇರುತ್ತದಲ್ಲ, ಅದು. ಗುಜರಿಯಿಂದ ತಂದದ್ದು. ಇಂಜಿನ್ ಸತ್ತಿದೆ, ಕಂಪನಿಯ ಫಲಕವೂ ಇಲ್ಲ. ಮಡ್‌ಗಾರ್ಡ್ ಮೇಲೆ ಅಂಗೈಯಗಲ ಜಾಗವನ್ನು ವಾಟರ್ ಪೇಪರಿನಲ್ಲಿ ಉಜ್ಜಿ ನೋಡಿದೆ. ಮೇಲೆ ಹಳದಿ, ಅದರಡಿಯಲ್ಲಿ ನೀಲಿ ಮಿಶ್ರಿತ ಬೂದು, ಅದರಡಿಯಲ್ಲಿ ಕೆಂಪು ಪ್ರೈಮರ್, ಮತ್ತೆ ಕಬ್ಬಿಣ. ಮಳೆ ಹಿಡಿಯುವ ಮೊದಲು ಬಣ್ಣ ಹೊಡೆಸಬೇಕು. ಹಳದಿಯಾ, ನೀಲಿಯಾ? ಬೇಗ ಹೇಳಿ.

ನಿವೃತ್ತ ಏರ್‌ಮನ್: ಹಳದಿ. ಇದರಲ್ಲಿ ಕೇಳಲಿಕ್ಕೆ ಎಂತ ಉಂಟು? ವಿಮಾನ ಓಡಾಡುವ ಜಾಗದಲ್ಲಿ ಗಾಡಿ ದೂರದಿಂದ ಕಾಣಬೇಕು. ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಅನೆಕ್ಸ್ 14 ಅನ್ನುವ ನಿಯಮದಲ್ಲೇ ಇದೆ. ಬೆಂಕಿ ಆರಿಸುವಂಥ ತುರ್ತು ಗಾಡಿಗೆ ಕೆಂಪು ಅಥವಾ ಹಳದಿಹಸಿರು, ಸೇವೆಯ ಗಾಡಿಗೆ ಹಳದಿ.

ಮಧೂರು ಮಾಷ್ಟ್ರು: "ಕೇಳಲಿಕ್ಕೆ ಎಂತ ಉಂಟು" ಅಂತೆ! ನೀವು ಹೇಳಿದ ಅನೆಕ್ಸು ನಾಗರಿಕ ವಿಮಾನ ನಿಲ್ದಾಣದ್ದು. ಇದು ಸೇನೆಯ ಬಂಡಿ. ಹಳದಿಯ ಅಡಿಯಲ್ಲಿ ನೀಲಿಬೂದು ಇದ್ದರೆ ಮೊದಲು ಹೊಡೆದದ್ದು ಅದೇ. ಬ್ರಿಟಿಷ್ ವಾಯುಪಡೆಯ ನೀಲಿಬೂದಿಗೆ ಬಿಎಸ್ 381ಸಿ ಅನ್ನುವ ಬ್ರಿಟಿಷ್ ಬಣ್ಣದ ಪಟ್ಟಿಯಲ್ಲಿ 633 ಅಂತ ನಂಬರೇ ಇದೆ. ಎರಡನೇ ಮಹಾಯುದ್ಧದಲ್ಲಿ ಅವರು ಡೇವಿಡ್ ಬ್ರೌನ್ ಟ್ರ್ಯಾಕ್ಟರಿನಿಂದ ಬಾಂಬರ್‌ಗಳನ್ನು ಎಳೆಸುತ್ತಿದ್ದರು. ಓದಿಕೊಂಡು ಬನ್ನಿ.

ನಿವೃತ್ತ ಏರ್‌ಮನ್: ಓದಿಕೊಂಡು ಬರಬೇಕಾ? ನಾನು ಟೋಬಾರ್, ಅಂದ್ರೆ ಟಗ್ಗನ್ನು ವಿಮಾನಕ್ಕೆ ಜೋಡಿಸುವ ಸರಳು, ಸಿಕ್ಕಿಸಿ ಕೈ ಜಜ್ಜಿಕೊಂಡವನು ಮಾಷ್ಟ್ರೇ. ಟೋಬಾರಿನಲ್ಲಿ ಒಂದು ಶಿಯರ್ ಪಿನ್ ಇರುತ್ತದೆ. ಜಾಸ್ತಿ ಜಗ್ಗಿದರೆ ವಿಮಾನದ ಮುಂಗಾಲು ಮುರಿಯುವ ಮೊದಲು ಆ ಪಿನ್ ತುಂಡಾಗಬೇಕು, ಅದಕ್ಕೇ ಇಡುವುದು. ಇದು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ನಾನು ಕಂಡ ಟಗ್ಗುಗಳೆಲ್ಲ ಹಳದಿ.

ಮಧೂರು ಮಾಷ್ಟ್ರು: ಪಿನ್ನಿಗೂ ಬಣ್ಣಕ್ಕೂ ಎಂತ ಸಂಬಂಧ? ನೀವು ಕೆಲಸಕ್ಕೆ ಸೇರುವ ಮೊದಲೂ ಟಗ್ ಇತ್ತು. ನನ್ನ ಹತ್ತಿರ ಹಳೆಯ ಫೋಟೋ ಒಂದಿದೆ. ಅದರಲ್ಲಿ ಟಗ್ಗಿನ ಬಣ್ಣ ಗಾಢವಾಗಿಯೇ ಕಾಣುತ್ತದೆ. ಹಳದಿ ಆಗಿದ್ದರೆ ತೆಳುವಾಗಿ ಕಾಣಬೇಕಿತ್ತಲ್ಲ?

ಸೀತಾಂಗೋಳಿ ಸ್ಟುಡಿಯೋ: ಫೋಟೋ ಕಪ್ಪುಬಿಳುಪಾ ಮಾಷ್ಟ್ರೇ? ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಆಗಿದ್ದರೆ ನಿಮ್ಮ ವಾದ ತಲೆಕೆಳಗು. ಆ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಹಳದಿ ಕಪ್ಪಾಗಿ ಬರುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ.

ನಿವೃತ್ತ ಏರ್‌ಮನ್: "ತಲೆಕೆಳಗು." ಕೇಳಿದಿರಾ ಮಾಷ್ಟ್ರೇ?

ಮಧೂರು ಮಾಷ್ಟ್ರು: "ಆಗಿದ್ದರೆ" ಅಂದಿದ್ದಾರೆ. ಕನ್ನಡ ಓದಲು ಬರುತ್ತದಲ್ಲ?

ಉಪ್ಪಳ ಡೆಂಟಿಂಗ್: ಹಳದಿ ಅಂದ್ರೆ ಯಾವ ಹಳದಿ ಅಂತ ಯಾರೂ ಹೇಳಲಿಲ್ಲ. ಐಎಸ್ 5 ಅನ್ನುವ ನಮ್ಮ ದೇಶದ ಶೇಡ್ ಕಾರ್ಡಿನಲ್ಲಿ ಲೆಮನ್ ಯೆಲ್ಲೋ 355, ಗೋಲ್ಡನ್ ಯೆಲ್ಲೋ 356. ಎರಡಕ್ಕೂ ಅಜಗಜ ವ್ಯತ್ಯಾಸ. ಇನ್ನೊಂದು ಮಾತು. ಒಣಗಿದಾಗ ಉಜ್ಜಬೇಡಿ. ಹಳೆಯ ಹಳದಿಯಲ್ಲಿ ಸೀಸದ ಕ್ರೋಮೇಟ್ ಇರುವ ಸಂಭವ ಜಾಸ್ತಿ. ಮನೆಗೆ ಹೊಡೆಯುವ ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ದಾಟಬಾರದು ಅಂತ ನಿಯಮ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಕೆಂಪು ಪ್ರೈಮರ್ ರೆಡ್ ಆಕ್ಸೈಡ್ ಆದರೆ ತೊಂದರೆ ಇಲ್ಲ, ರೆಡ್ ಲೆಡ್ ಆದರೆ ಅದೂ ಸೀಸವೇ. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಕೆಸರನ್ನು ಬಾವಿಕಟ್ಟೆ ಹತ್ತಿರ ಚೆಲ್ಲಬೇಡಿ. ಅಡಿಭಾಗಕ್ಕೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಸಿ. ನಮ್ಮದು ಕಡಲ ಗಾಳಿ.

ಪೈವಳಿಕೆ ಭಾವ: ಅಡಿಭಾಗಕ್ಕೆ ಎಪಾಕ್ಸಿ ಯಾಕೆ ಸುಮ್ನೆ? ಎರಡು ಕೈ ಗೇರೆಣ್ಣೆ, ಅದೇ ಗೇರುಬೀಜದ ಸಿಪ್ಪೆಯ ಎಣ್ಣೆ, ಹೊಡೆಯಿರಿ. ನಮ್ಮ ಅಜ್ಜನ ಮನೆಯ ಮಾಡಿನ ಮರದ ಪಕಾಸಿಗೆ ಹಾಕಿದ್ದು. ಇವತ್ತಿಗೂ ಗೆದ್ದಲು ಹತ್ತಿರ ಸುಳಿಯುವುದಿಲ್ಲ.

ಉಪ್ಪಳ ಡೆಂಟಿಂಗ್: ಟಗ್ಗಿಗೆ ಗೆದ್ದಲು ಹಿಡಿಯುತ್ತದಾ ಭಾವ?

ಪೈವಳಿಕೆ ಭಾವ: ತಮಾಷೆ ಬೇಡ. ದೋಣಿಗೂ ಹಾಕುತ್ತಿದ್ದರು. ದೋಣಿ ಇರುವುದು ಉಪ್ಪುನೀರಿನಲ್ಲೇ ಅಲ್ವಾ?

ಉಪ್ಪಳ ಡೆಂಟಿಂಗ್: ಮರದ ದೋಣಿಗೆ. ಮರ ಎಣ್ಣೆ ಕುಡಿಯುತ್ತದೆ, ಕಬ್ಬಿಣ ಕುಡಿಯುವುದಿಲ್ಲ. ಮೇಲೆ ಜಿಗುಟು ಕೂತು ಧೂಳು ಹಿಡಿಯುತ್ತದೆ. ಆಮೇಲೆ ಅದರ ಮೇಲೆ ಯಾವ ಪೈಂಟೂ ನಿಲ್ಲುವುದಿಲ್ಲ. ಹಸಿ ಗೇರೆಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಬರುತ್ತದೆ. ಮ್ಯೂಸಿಯಂಗೆ ಬರುವ ಮಕ್ಕಳು ಮುಟ್ಟದೆ ಬಿಡ್ತಾರಾ?

ಪೈವಳಿಕೆ ಭಾವ: "ಯಾವ ಪೈಂಟೂ ನಿಲ್ಲುವುದಿಲ್ಲ" ಅಂದ್ರಲ್ಲ. ನಿಮ್ಮ ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ಹಾರ್ಡನರಿನ ಡಬ್ಬಿ ತಿರುಗಿಸಿ ಓದಿ. ಹಡಗಿಗೆ ಹೊಡೆಯುವ ಎಪಾಕ್ಸಿಗೆ ಫಿನಾಲ್ಕಮೈನ್ ಅನ್ನುವ ಹಾರ್ಡನರ್ ಬರುತ್ತದೆ. ಅದನ್ನು ಮಾಡುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ! ನನ್ನ ಮಗ ಪೈಂಟ್ ಕಂಪನಿಯಲ್ಲಿದ್ದಾನೆ.

ಉಪ್ಪಳ ಡೆಂಟಿಂಗ್: ಅದು ಕಾರ್ಖಾನೆಯಲ್ಲಿ ಬೇಯಿಸಿ ಕಾರ್ಡನಾಲ್ ತೆಗೆದು, ಅದಕ್ಕೆ ಮತ್ತೇನೋ ಸೇರಿಸಿ ಮಾಡಿದ್ದು ಮಾರಾಯ್ರೇ. ಹಾಲಿನಿಂದ ತುಪ್ಪ ಆಗುತ್ತದೆ ಅಂತ ದೀಪಕ್ಕೆ ಹಾಲು ಹಾಕ್ತೀರಾ?

ಪೈವಳಿಕೆ ಭಾವ: ಗೇರೆಣ್ಣೆಯಿಂದ ಅಂತ ಒಪ್ಪಿಕೊಂಡಿರಿ. ಅಷ್ಟು ಸಾಕು.

ನಿವೃತ್ತ ಏರ್‌ಮನ್: ಅಷ್ಟೇ ಯಾಕೆ, ಬ್ರೇಕ್ ಲೈನಿಂಗಿಗೂ ಗೇರಿನ ಪುಡಿ ಹಾಕುತ್ತಾರೆ. ಅದೇ ಸಿಪ್ಪೆ ಎಣ್ಣೆಯನ್ನು ಗಟ್ಟಿ ಮಾಡಿ ಅರೆದ ಪುಡಿ.

ಪೈವಳಿಕೆ ಭಾವ: ನೋಡಿ! ಸೇನೆಯವರೇ ಹೇಳಿದರು. ಟಗ್ಗಿನಲ್ಲಿ ಮೊದಲೇ ಗೇರು ಉಂಟು.

ನಿವೃತ್ತ ಏರ್‌ಮನ್: ನಾನು ಬ್ರೇಕಿನ ಮಾತು ಹೇಳಿದ್ದು. ಅಡಿಗೆ ಹೊಡೆಯಿರಿ ಅಂದಿಲ್ಲ. ನನ್ನನ್ನು ನಿಮ್ಮ ಕಡೆಗೆ ಎಳೆಯಬೇಡಿ.

ಮಧೂರು ಮಾಷ್ಟ್ರು: ಎಳೆಯುವುದೇ ಟಗ್ಗಿನ ಕೆಲಸ ಅಲ್ವಾ.

ಎಣ್ಮಕಜೆಯವಳು: ಗೇರು ಗೇರು ಅಂತ ಇಷ್ಟು ಹೆಮ್ಮೆ. ಇದೇ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎರಡು ದಶಕ, 2000ದವರೆಗೆ. ನಮ್ಮ ಕಾಸರಗೋಡು ಜಿಲ್ಲೆಯ ಜನ ಹತ್ತಿರದಿಂದ ಕಂಡ ವಿಮಾನ ಚರಿತ್ರೆ ಅಂದ್ರೆ ಅದು. ಶಬ್ದ ಕೇಳಿ ಮಕ್ಕಳು ಅಂಗಳಕ್ಕೆ ಓಡಿ ಬಂದು ಆಕಾಶ ನೋಡುತ್ತಿದ್ದರು. ಮ್ಯೂಸಿಯಂನಲ್ಲಿ ಟಗ್ಗಿನ ಪಕ್ಕ ಆ ಕತೆಗೂ ಒಂದು ಗೋಡೆ ಕೊಡ್ತೀರಾ?

ಪೈವಳಿಕೆ ಭಾವ: ಅದು ಬೇರೆ ವಿಷಯ ತಂಗಿ. ಔಷಧಿ ಹೊಡೆದದ್ದು ಗೇರಿನ ತಪ್ಪಲ್ಲ. ಉಪ್ಪಳದವರು ಹಾರ್ಡನರ್ ವಿಷಯಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಉಪ್ಪಳ ಡೆಂಟಿಂಗ್: ಕೊಟ್ಟಾಯ್ತು. ಮೇಲೆ ಹೋಗಿ ಓದಿ.

ಎಣ್ಮಕಜೆಯವಳು: ಸರಿ. ಹಾರ್ಡನರ್ ಬಗ್ಗೆಯೇ ಮಾತಾಡಿ.

ಸುಮ್ನೆ ಓದುವವ: ಒಂದು ಮಾತು ಹೇಳಲಾ? ಬಣ್ಣವನ್ನೇ ಹೊಡೆಯಬೇಡಿ. ತೊಳೆದು, ತುಕ್ಕು ನಿಲ್ಲಿಸಿ, ವ್ಯಾಕ್ಸ್ ಹಾಕಿ ಇಡಿ. ಆ ಅಂಗೈಯಗಲ ಜಾಗದಲ್ಲಿ ಉಂಗುರದ ಹಾಗೆ ಎಲ್ಲ ಬಣ್ಣವೂ ಕಾಣುತ್ತದಲ್ಲ, ನೋಡುವವರಿಗೆ ಅದೇ ಚಂದ.

ನಿವೃತ್ತ ಏರ್‌ಮನ್: ತುಕ್ಕು ಹಿಡಿದ ಗಾಡಿಯನ್ನು ಹಾಗೇ ನಿಲ್ಲಿಸುವುದಾ? ನಮ್ಮಲ್ಲಿ ಹಾಗೆ ನಿಲ್ಲಿಸಿದ್ದರೆ ಚಾರ್ಜ್ ಹಾಕುತ್ತಿದ್ದರು. ವಸ್ತು ಕೊನೆಯ ದಿನ ಕೆಲಸ ಮಾಡುವಾಗ ಹೇಗಿತ್ತೋ ಹಾಗೆ ತೋರಿಸಬೇಕು. ಕೊನೆಗೆ ಇದ್ದದ್ದು ಹಳದಿ.

ಮಧೂರು ಮಾಷ್ಟ್ರು: "ಕೊನೆಯ ದಿನ" ಅಂದ್ರೆ ಗುಜರಿಯ ದಿನವಾ? ಹುಟ್ಟಿದ ರೂಪ ತೋರಿಸುವುದು ಮ್ಯೂಸಿಯಂ. ಬೇಕಲ ಕೋಟೆಗೆ ಯಾರಾದರೂ ಆಯಿಲ್ ಪೈಂಟ್ ಹೊಡೀತಾರಾ?

ನಿವೃತ್ತ ಏರ್‌ಮನ್: ಕೋಟೆ ಮುರಕಲ್ಲಿನದ್ದು. ಟಗ್ ಕಬ್ಬಿಣದ್ದು. ಕಾರವಾರಕ್ಕೆ ಹೋಗಿ ನೋಡಿ, ಐಎನ್‌ಎಸ್ ಚಾಪಲ್ ಯುದ್ಧನೌಕೆ ಕಡಲ ಬದಿಯಲ್ಲೇ ನಿಂತಿದೆ. ಬಣ್ಣ ಹೊಡೆಯದೆ ಬಿಟ್ಟರೆ ಎಷ್ಟು ವರ್ಷ ನಿಂತೀತು? ನೋಡಿಕೊಳ್ಳಲು ದುಡ್ಡಿಲ್ಲದೆ ಹಳೆಯ ವಿಕ್ರಾಂತನನ್ನೇ 2014ರಲ್ಲಿ ಗುಜರಿಗೆ ಹಾಕಿದರು. 1971ರ ಯುದ್ಧ ಮಾಡಿದ ಹಡಗು!

ಮಧೂರು ಮಾಷ್ಟ್ರು: ಚಾಪಲ್‌ಗೆ ಹಳದಿ ಹೊಡೆದಿದ್ದಾರಾ? ಇಲ್ಲವಲ್ಲ.

ನಿವೃತ್ತ ಏರ್‌ಮನ್: ಮಾಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ಕೂತ ಮಕ್ಕಳ ಬಗ್ಗೆ ಪಾಪ ಅನಿಸುತ್ತದೆ.

ಮಧೂರು ಮಾಷ್ಟ್ರು: ಆ ಮಕ್ಕಳಲ್ಲಿ ಇಬ್ಬರು ಈಗ ವಾಯುಪಡೆಯಲ್ಲಿದ್ದಾರೆ. ಅವರಿಗೆ ನೀಲಿ ಯಾವುದು ಹಳದಿ ಯಾವುದು ಅಂತ ಕಲಿಸಿದ್ದು ನಾನು.

ಕುಂಬಳೆ ಕರೆ: ಬಣ್ಣ ಯಾವುದಾದರೂ ಇರಲಿ. ಬೋರ್ಡ್ ಯಾವ ಭಾಷೆಯಲ್ಲಿ ಬರೆಸ್ತೀರಿ? ಕನ್ನಡ ಮೇಲೆ ಇರಬೇಕು. ಮತ್ತೆ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ ನಾವು ಬಿಡುವವರಲ್ಲ.

ಚಂದ್ರಗಿರಿ ದಂಡೆ: ದಮ್ಮಯ್ಯ, ಆ ಜಗಳ ಇಲ್ಲಿ ಬೇಡ. ಬೋರ್ಡಿಗೆ ಇನ್ನೂ ದುಡ್ಡೇ ಇಲ್ಲ.

ಪೈವಳಿಕೆ ಭಾವ: ದುಡ್ಡಿಲ್ಲದಿದ್ದರೆ ಗೇರೆಣ್ಣೆಯೇ ಒಳ್ಳೇದು. ಎಪಾಕ್ಸಿಯ ಡಬ್ಬಕ್ಕೆ ಎಷ್ಟು ರೇಟು ಅಂತ ಉಪ್ಪಳದವರು ಹೇಳಲಿ.

ಉಪ್ಪಳ ಡೆಂಟಿಂಗ್: ಭಾವ, ನಿಮ್ಮ ಕಾರಿನ ಅಡಿಗೆ ಮೊದಲು ಗೇರೆಣ್ಣೆ ಹೊಡೆಯಿರಿ. ಎರಡು ಮಳೆಗಾಲ ಕಳೆದ ಮೇಲೆ ನನ್ನ ಗ್ಯಾರೇಜಿಗೆ ತನ್ನಿ. ಬೆಸುಗೆ ಫ್ರೀ.

ಪೈವಳಿಕೆ ಭಾವ: ನನ್ನ ಕಾರಿನ ಸುದ್ದಿ ತೆಗೆಯಬೇಡಿ. ಹೋದ ವರ್ಷ ಒಂದು ಗ್ಯಾರೇಜಿನಲ್ಲಿ ಅಂಡರ್‌ಕೋಟಿಂಗ್ ಅಂತ ಡಾಂಬರು ಬಳಿದು ದುಡ್ಡು ಕಿತ್ತರು. ಹೆಸರು ಹೇಳುವುದಿಲ್ಲ.

ಉಪ್ಪಳ ಡೆಂಟಿಂಗ್: ನನ್ನ ಗ್ಯಾರೇಜಲ್ಲ ಅದು. ಅಷ್ಟನ್ನಾದರೂ ಬರೆಯಿರಿ.

ಪೈವಳಿಕೆ ಭಾವ: ನಿಮ್ಮದು ಅಂತ ನಾನು ಹೇಳಿದೆನಾ?

ಸೀತಾಂಗೋಳಿ ಸ್ಟುಡಿಯೋ: ಮಾಷ್ಟ್ರೇ, ಆ ಫೋಟೋ ಹಾಕ್ತೀರಾ? ಟಗ್ಗಿನ ಪಕ್ಕ ಕೆಂಪು ಬಕೆಟೋ ಬಾವುಟವೋ ಇದ್ದರೆ ಅದು ಎಷ್ಟು ಕಪ್ಪಾಗಿದೆ ಅಂತ ನೋಡಿ ಫಿಲ್ಮ್ ಯಾವುದು ಅಂತ ಅಂದಾಜು ಮಾಡಬಹುದು.

ಮಧೂರು ಮಾಷ್ಟ್ರು: ಫೋಟೋ ತಂಗಿಯ ಮನೆಯಲ್ಲಿದೆ. ಹುಡುಕಬೇಕು.

ನಿವೃತ್ತ ಏರ್‌ಮನ್: ಹಾಂ. ತಂಗಿಯ ಮನೆಯಲ್ಲಿ.

ಚಂದ್ರಗಿರಿ ದಂಡೆ: ಪೈಂಟರ್ ಇವತ್ತು ಬಂದಿದ್ದ. ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ಈ ಥಂಡಿಯಲ್ಲಿ ಎಪಾಕ್ಸಿಯೂ ಕೂರುವುದಿಲ್ಲ, ಎನಾಮೆಲ್ಲೂ ಒಣಗುವುದಿಲ್ಲ, ದೀಪಾವಳಿ ಕಳೆದು ನೋಡುವ ಅಂದ. ಚಹಾ ಕುಡಿದು ಹೋದ. ಅಡಿಕೆಗೆ ಮುಚ್ಚುವ ಟರ್ಪಾಲು ತಂದು ಟಗ್ಗಿಗೆ ಹೊದೆಸಿದ್ದೇನೆ. ಎಣ್ಮಕಜೆಯವರೇ, ಗೋಡೆಯ ವಿಷಯ ಸಮಿತಿಯಲ್ಲಿ ಕೇಳುತ್ತೇನೆ.

ಮಧೂರು ಮಾಷ್ಟ್ರು: ಟರ್ಪಾಲು ಯಾವ ಬಣ್ಣದ್ದು?

ಚಂದ್ರಗಿರಿ ದಂಡೆ: ನೀಲಿ.

ಮಧೂರು ಮಾಷ್ಟ್ರು: ಸಂತೋಷ.

ನಿವೃತ್ತ ಏರ್‌ಮನ್: ಪೇಟೆಯಲ್ಲಿ ಹಳದಿ ಟರ್ಪಾಲೂ ಸಿಗುತ್ತದೆ. ನಾಳೆ ನಾನೇ ತಂದು ಕೊಡುತ್ತೇನೆ.

ಪೈವಳಿಕೆ ಭಾವ: ಹಗ್ಗ ಬೇಗ ಕುಂಬಾಗದ ಹಾಗೆ ಸ್ವಲ್ಪ ಗೇರೆಣ್ಣೆ ಹಚ್ಚಿ.