ಲಕ್ವ ಹೊಡೆದ ಅತ್ತೆಯ ಆರೈಕೆ: ಮನೆಯಲ್ಲೇ ಪ್ರಾರ್ಥನೆ, ಪ್ರಭುಭೋಜನ ಹೇಗೆ?

ಪ್ರಶ್ನೆ: ಹುಬ್ಬಳ್ಳಿ_ಸೊಸೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಅತ್ತೆಯವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ಹೆಚ್ಚುಕಡಿಮೆ ನಿಂತಿದೆ, ಹೇಳಿದ್ದು ಅರ್ಥವಾಗುತ್ತದೆ. ನುಂಗುವಾಗ ಆಗಾಗ ಕೆಮ್ಮು ಬರುತ್ತದೆ. ಹಗಲಿಡೀ ನೋಡಿಕೊಳ್ಳಲು ನಾನೊಬ್ಬಳೇ. ನಾವು ಸಿ.ಎಸ್.ಐ. (ಆಂಗ್ಲಿಕನ್ ಮೊದಲಾದ ಸಭೆಗಳು ಸೇರಿ ಆದ ದಕ್ಷಿಣ ಭಾರತ ಸಭೆ) ಸಭೆಯವರು. ಬೆಳಗಿನ ಬೈಬಲ್ ಓದು ತಪ್ಪಿದೆ, ಭಾನುವಾರದ ಆರಾಧನೆಗೂ ಹೋಗಲಾಗುತ್ತಿಲ್ಲ. ಇದನ್ನೆಲ್ಲ ಮತ್ತೆ ಹೇಗೆ ಹೊಂದಿಸಿಕೊಳ್ಳಲಿ? ಅತ್ತೆಯವರಿಗೆ ಪ್ರಭುಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿ) ಕೊಡಿಸಬಹುದೇ? ನೋಡಲು ಬಂದವರು ಕೆಲವರು "ವಿಶ್ವಾಸ ಇದ್ದರೆ ಮಾತ್ರೆ ಯಾಕೆ?" ಅನ್ನುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ 1: ಸಭಾಸೇವಕ_ಧಾರವಾಡ

ಅಕ್ಕಾ, ಮೊದಲು ಮಾತ್ರೆಯ ವಿಷಯ. ಒಮ್ಮೆ ಲಕ್ವ ಹೊಡೆದವರಿಗೆ ಇನ್ನೊಮ್ಮೆ ಹೊಡೆಯುವ ಅಪಾಯ ಹೆಚ್ಚು. ಬಿ.ಪಿ. ಮಾತ್ರೆಯಾಗಲಿ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯಾಗಲಿ, ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಬಂದವರಿಗೆ 2 ತಿಮೊಥೆಯ 4:20 ತೆಗೆದು ಓದಿಸಿ. ಅಪೊಸ್ತಲ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಬಿಟ್ಟು ಬರುವಾಗ ಅವನು ಇನ್ನೂ ರೋಗಿಯೇ. ಅವನಿಗೆ ವಿಶ್ವಾಸ ಸಾಲದು ಎಂದು ಪೌಲನು ಒಂದು ಮಾತೂ ಬರೆಯಲಿಲ್ಲ. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದವನೂ ಪೌಲನೇ. ಯಾಕೋಬ 5:14ರಲ್ಲಿ ರೋಗಿಯು ಸಭೆಯ ಹಿರಿಯರನ್ನು ಕರೆಸಲಿ, ಅವರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ. ಅಂದರೆ ವಿಶ್ವಾಸದಿಂದ ಪ್ರಾರ್ಥಿಸುವ ಹೊಣೆ ಬಂದವರದು. ಹಾಸಿಗೆಯಲ್ಲಿ ಬಿದ್ದವರ ತಲೆಗೆ ಅದನ್ನು ಕಟ್ಟುವುದು ಆ ವಚನಕ್ಕೆ ಮಾಡುವ ಅನ್ಯಾಯ.

ಪ್ರಭುಭೋಜನ ಖಂಡಿತ ಕೊಡಿಸಬಹುದು. ಪಾಸ್ಟರಿಗೆ ಫೋನ್ ಮಾಡುವಾಗಲೇ ನುಂಗುವ ತೊಂದರೆ ಇದೆ ಎಂದು ತಿಳಿಸಿ. ಮನೆಗೆ ಬಂದ ಮೇಲೆ ಹೇಳಿದರೆ ಎಲ್ಲರೂ ಗಡಿಬಿಡಿಯಾಗುತ್ತಾರೆ. ಒಣ ಬ್ರೆಡ್ಡಿನ ಪುಡಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ತೆಳ್ಳಗಿನ ದ್ರಾಕ್ಷಾರಸ ನುಂಗುವ ಮೊದಲೇ ಶ್ವಾಸನಾಳಕ್ಕೆ ಜಾರಬಹುದು. ಬಟಾಣಿ ಕಾಳಿನಷ್ಟು ಮೆತ್ತನೆಯ ತುಣುಕನ್ನು ರಸದಲ್ಲಿ ಪೂರ್ತಿ ನೆನೆಸಿ, ಚಮಚದಲ್ಲಿ ನಾಲಿಗೆಯ ಎಡಭಾಗಕ್ಕೆ ಇಡಲಿ, ಏಕೆಂದರೆ ಬಲಭಾಗದಲ್ಲಿ ಬಾಯಿಯೂ ಸೋತಿರಬಹುದು. ನುಂಗಿದ ಮೇಲೆ ಬಾಯಿ ತೆರೆಸಿ ಕೆನ್ನೆಯೊಳಗೆ ಉಳಿದಿದೆಯೇ ನೋಡಿ. ಮೊದಲು ಡಾಕ್ಟರನ್ನೋ ನುಂಗುವಿಕೆಯನ್ನು ಪರೀಕ್ಷಿಸುವ ಥೆರಪಿಸ್ಟರನ್ನೋ ಕೇಳಿರಬೇಕು. ಅವರು ಬಾಯಿಂದ ಏನೂ ಬೇಡ ಎಂದಿದ್ದರೆ ಒಂದು ಹನಿಯೂ ಬೇಡ. ಅದರಿಂದ ಅತ್ತೆಯವರಿಗೆ ಏನೂ ತಪ್ಪಿಹೋಗುವುದಿಲ್ಲ. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ರೋಗದ ದೆಸೆಯಿಂದ ಬಾಯಲ್ಲಿ ತೆಗೆದುಕೊಳ್ಳಲಾಗದವರು ಪಶ್ಚಾತ್ತಾಪಪಟ್ಟು ಕ್ರಿಸ್ತನನ್ನು ನಂಬಿದರೆ, ಅವರು ಆತನ ಶರೀರ ರಕ್ತಗಳಲ್ಲಿ ಪಾಲು ಹೊಂದಿದವರೇ.

ಉತ್ತರ 2: ನರ್ಸ್_ಉಡುಪಿ

ಬಾಯಿಂದ ಕೊಡಬಹುದು ಎಂದಿದ್ದರೆ ಊಟಕ್ಕಾಗಲಿ ಪ್ರಭುಭೋಜನಕ್ಕಾಗಲಿ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಕ್ಕೆ ಬರಲಿ. ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ. ಮಲಗಿಸಿಕೊಂಡು ಬಾಯಿಗೆ ಏನೂ ಹಾಕಬಾರದು. ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ.

ಬೆಳಗಿನ ಬೈಬಲ್ ಓದನ್ನು ಈಗ ಹಿಡಿದು ತರಲು ಹೋಗಬೇಡಿ ಅಕ್ಕಾ. ಆ ಹೊತ್ತಿನಲ್ಲಿ ನಿದ್ದೆ ಸಿಕ್ಕಿದರೆ ಮಲಗಿ. ಪ್ರವಾದಿ ಎಲೀಯನು ಸಾಕಪ್ಪಾ ಸಾಕು ಎಂದು ಮರದಡಿ ಬಿದ್ದಾಗ ದೇವದೂತನು ಮೊದಲು ರೊಟ್ಟಿ ನೀರು ಕೊಟ್ಟು ಎಬ್ಬಿಸಿದ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರ ಸೂಕ್ಷ್ಮ ಸ್ವರ ಕೇಳಿಸಿದ್ದು ಅದೆಲ್ಲ ಆದಮೇಲೆ. ಪ್ರಾರ್ಥನೆಯನ್ನು ಹೇಗೂ ಮಾಡಲೇಬೇಕಾದ ಕೆಲಸಗಳಿಗೆ ಕಟ್ಟಿಬಿಡಿ. ಹಾಸಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುತ್ತೀರಲ್ಲ, ಒಂದೊಂದು ಸಾರಿಗೂ ಒಂದು ಚಿಕ್ಕ ಕೀರ್ತನೆ ಸಾಕು. ಬೈಬಲಿನ 117ನೇ ಕೀರ್ತನೆಯಲ್ಲಿ ಇರುವುದೇ ಎರಡು ವಚನ. 134ರಲ್ಲಿ ಮೂರು, ರಾತ್ರಿಯಲ್ಲಿ ದೇವಾಲಯದಲ್ಲಿ ನಿಂತು ಸೇವೆ ಮಾಡುವವರಿಗಾಗಿಯೇ ಬರೆದದ್ದು. ನಡುರಾತ್ರಿ ಏಳುವವರಿಗೆ ಅದಕ್ಕಿಂತ ಒಪ್ಪುವ ಕೀರ್ತನೆ ಇಲ್ಲ. ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿ. ಕೈ ಬಿಡುವಿಲ್ಲದಾಗ ಫೋನ್ ಹುಡುಕುತ್ತಾ ಕೂತರೆ ಆ ದಿನ ಅಲ್ಲಿಗೇ ತಪ್ಪುತ್ತದೆ.

ಅಳು, ಸಿಟ್ಟು ಬಂದ ದಿನ 13ನೆಯದನ್ನೋ 88ನೆಯದನ್ನೋ ಹೇಳಿ. 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸ್ತೋತ್ರದ ಮಾತಿಲ್ಲ. ಆದರೂ ಅದು ಪ್ರಾರ್ಥನೆ, ಬೈಬಲಿನ ಒಳಗೇ ಇದೆ. ಕೃತಜ್ಞತೆ ಬಾರದ ದಿನ ಬಲವಂತದಿಂದ ಅದನ್ನು ಬಾಯಿಗೆ ತರಬೇಕಾಗಿಲ್ಲ.

ಅತ್ತೆಯವರ ವಿಷಯದಲ್ಲಿ ಒಂದು ಮುಖ್ಯ ಮಾತು. ಬಲಭಾಗ ಬಿದ್ದು ಮಾತು ನಿಂತಿದೆ ಎಂದರೆ ಸಾಮಾನ್ಯವಾಗಿ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿರುತ್ತದೆ. ಇಂಥವರಲ್ಲಿ ಎಷ್ಟೋ ಮಂದಿಗೆ "ನೀರು ಬೇಕು" ಎನ್ನಲು ಆಗದಿದ್ದರೂ ಬಾಯಿಪಾಠದ ಹಾಡು, ಪ್ರಾರ್ಥನೆ ಬರುತ್ತದೆ. ಭಾನುವಾರ ಶಾಲೆಯ ಕಾಲದಿಂದ ಅವರಿಗೆ ಗೊತ್ತಿರುವ ಗೀತೆಯನ್ನೇ ಆರಿಸಿ, ನಿಧಾನವಾಗಿ ಹಾಡಿ. ಅಥವಾ "ಯೆಹೋವನು ನನಗೆ..." ಎಂದು ಶುರುಮಾಡಿ ನಿಲ್ಲಿಸಿ. ಹತ್ತು ಎಣಿಸುವಷ್ಟು ಕಾಯಿರಿ. "ಕುರುಬನು" ಎಂದು ಅವರೇ ಮುಗಿಸಬಹುದು. ಬಾರದಿದ್ದರೆ ನೀವೇ ಹೇಳಿ ಮುಂದೆ ಹೋಗಿ, ಪರೀಕ್ಷೆ ಮಾಡಿದಂತೆ ಮತ್ತೆ ಮತ್ತೆ ಕೇಳಬೇಡಿ. ಹೊಸ ಗೀತೆ ಬೇಡ, ಟಿ.ವಿ. ಹಾಕಿಕೊಂಡೂ ಬೇಡ.

ಉತ್ತರ 3: ಮಂಗಳೂರು_ಕಥೋಲಿಕ

ನಮ್ಮ ಕಡೆಯ ನಿಯಮ ಹೇಳುತ್ತೇನೆ, ಸಿಸ್ಟರ್, ನಿಮಗೂ ಸಮಾಧಾನವಾದೀತು. ಭಾನುವಾರದ ಪೂಜೆಗೆ ಹೋಗುವುದು ನಮಗೆ ಕಡ್ಡಾಯ, ಆದರೆ ರೋಗಿಯನ್ನು ಬಿಟ್ಟು ಹೋಗಲಾಗದವರಿಗೆ ಅದು ತಪ್ಪಲ್ಲ. ಪರಮಪ್ರಸಾದಕ್ಕೆ (ಪ್ರಭುಭೋಜನಕ್ಕೆ ನಾವು ಹೇಳುವ ಹೆಸರು) ಮೊದಲು ಒಂದು ಗಂಟೆ ಏನೂ ತಿನ್ನಬಾರದು, ಅದರಿಂದಲೂ ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ವಿನಾಯಿತಿ ಇದೆ. ನೋಡಿಕೊಳ್ಳುವವರನ್ನೂ ಸಭೆಯ ಕಾನೂನು ನೆನೆದಿದೆ, ಗಮನಿಸಿ.

ಮುಖ್ಯ ತೊಂದರೆ ಎಂದರೆ ನೀವು ಒಬ್ಬರೇ ಇರುವುದು. ಯೇಸು ಹೇಳಿದ ಕಥೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿ, ಒಂದು ರಾತ್ರಿ ಆರೈಕೆ ಮಾಡಿ, ಮರುದಿನ ಛತ್ರದವನಿಗೆ ಎರಡು ದಿನಾರಿ (ಬೆಳ್ಳಿ ನಾಣ್ಯ) ಕೊಟ್ಟು ತನ್ನ ದಾರಿ ಹಿಡಿದ. ತಿರುಗಿ ಬರುವಾಗ ಉಳಿದದ್ದನ್ನು ಕೊಡುತ್ತೇನೆಂದ. ದುಡ್ಡು ಕೊಟ್ಟು ಆಯಾ ಇಟ್ಟುಕೊಂಡರೆ ಪ್ರೀತಿ ಕಡಿಮೆ ಎಂದು ಯಾರೂ ಹೇಳುವಂತಿಲ್ಲ. ಸಭೆಯವರು "ಏನಾದರೂ ಬೇಕಾದರೆ ಹೇಳಿ" ಎನ್ನುತ್ತಾರಲ್ಲ, ಆಗ "ಏನೂ ಬೇಡ" ಎನ್ನದೆ ದಿನ, ಹೊತ್ತು, ಕೆಲಸ ಮೂರನ್ನೂ ಹೇಳಿ: "ಗುರುವಾರ ಮೂರರಿಂದ ಐದು ಅತ್ತೆಯ ಹತ್ತಿರ ಕೂತಿರುತ್ತೀರಾ?" ಭಾನುವಾರಕ್ಕೆ ನಾಲ್ಕು ಮಂದಿಯನ್ನು ಹಿಡಿದರೆ ಒಬ್ಬೊಬ್ಬರಿಗೆ ತಿಂಗಳಿಗೊಂದು ಪಾಳಿ, ನೀವು ವಾರವಾರವೂ ಆರಾಧನೆಗೆ ಹೋಗಬಹುದು. ಐದನೇ ಭಾನುವಾರ ಬಂದರೆ ಮನೆಯವರು ನೋಡಿಕೊಳ್ಳಲಿ. ಒಬ್ಬರೇ ಎಲ್ಲ ವಾರ ಒಪ್ಪಿಕೊಂಡರೆ ಎರಡನೇ ತಿಂಗಳಿಗೆ ಸುಸ್ತಾಗಿ ಬಿಡುತ್ತಾರೆ. ಯುದ್ಧದ ದಿನ ಸೋತುಹೋದ ಮೋಶೆಯ ಕೈ ಎತ್ತಿ ಹಿಡಿಯಲೂ ಆರೋನ, ಹೂರ ಇಬ್ಬರು ಬೇಕಾಯಿತು.

ಹುಬ್ಬಳ್ಳಿ_ಸೊಸೆ

ಎಲ್ಲರಿಗೂ ವಂದನೆ. ಭಾನುವಾರದ ಪಾಳಿಗೆ ಇವತ್ತೇ ಮಹಿಳಾ ಸಂಘದವರನ್ನು ಕೇಳುತ್ತೇನೆ. ಪಾಸ್ಟರ್ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತೇನೆ ಎಂದಿದ್ದಾರೆ. ಯಾವ ಎಣ್ಣೆ ತರಬೇಕು?

ನರ್ಸ್_ಉಡುಪಿ

ಪಾಸ್ಟರೇ ತರುತ್ತಾರೋ ಕೇಳಿ. ಇಲ್ಲದಿದ್ದರೆ ಆಲಿವ್ ಎಣ್ಣೆ, ಅದಿಲ್ಲದಿದ್ದರೆ ಮನೆಯಲ್ಲಿರುವ ಕೊಬ್ಬರಿ ಎಣ್ಣೆಯೂ ಆಗುತ್ತದೆ, ಯಾಕೋಬನು ಇಂಥದ್ದೇ ಎಂದು ಬರೆದಿಲ್ಲ. ಹಣೆಗೆ ಒಂದು ಬೆರಳಿನಷ್ಟು ಸಾಕು. ಬಾಯಿಗೆ, ಮೂಗಿಗೆ ಬಿಡಬೇಡಿ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಬೆನ್ನಿನ ಕೆಳಭಾಗ, ಹಿಮ್ಮಡಿಗಳಲ್ಲಿ ಒತ್ತಿದರೂ ಮಾಸದ ಕೆಂಪು ಕಂಡರೆ ಪ್ರಾರ್ಥನೆಯ ಎಣ್ಣೆಯೆಂದು ಅಲ್ಲಿ ತಿಕ್ಕಬೇಡಿ. ಅದು ಹುಣ್ಣಿನ ಮೊದಲ ಗುರುತು, ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ಆ ಜಾಗಕ್ಕೆ ಭಾರ ಬೀಳದಂತೆ ಮಲಗಿಸಿ, ಅದೇ ದಿನ ಡಾಕ್ಟರಿಗೆ ತೋರಿಸಿ.